ನಮ್ಮ ನಲ್ಲಿಗೆ ಬಂದ ಮಾಂಜ್ರಾ



ಹೈದರಾಬಾದಿನ ನದಿ ಯಾವುದೆಂದರೆ ಎಲ್ಲರೂ ಮೂಸಿ ಎನ್ನುತ್ತೀರಿ. ಸರಿಯೇ. ಆದರೆ 1965ರಿಂದ ಈ ಊರಿಗೆ ಕುಡಿಯುವ ನೀರು ಕೊಡುತ್ತ ಬಂದ ಇನ್ನೊಂದು ನದಿಯಿದೆ. ನೀವು ಬೀದರ್, ಭಾಲ್ಕಿ, ಔರಾದ್ ಕಡೆಯವರಾದರೆ ಅದು ನಿಮ್ಮ ತವರಿನ ನದಿ. ಅಲ್ಲಿ ಅದು ಮಾಂಜ್ರಾ, ಇಲ್ಲಿ ಮಂಜೀರಾ. ಮಂಜೀರ ಎಂದರೆ ಕಾಲ್ಗೆಜ್ಜೆ. ಬೇಸಿಗೆಯಲ್ಲಿ ಆ ಗೆಜ್ಜೆಗೆ ಸದ್ದೇ ಇರುವುದಿಲ್ಲ, ಅದು ಬೇರೆ ಮಾತು!

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಇದರ ಹುಟ್ಟು. ಲಾತೂರಿನ ಕಪ್ಪು ನೆಲ ದಾಟಿ ಬೀದರ್ ಜಿಲ್ಲೆಗೆ ಬರುತ್ತದೆ. ಅಲ್ಲಿ ಕಾರಂಜಾ ಇದನ್ನು ಸೇರುತ್ತದೆ. ಹಿಮದ ಆಸರೆಯಿಲ್ಲ, ಮುಂಗಾರು ಕೊಟ್ಟಷ್ಟೇ ನೀರು.

ಇನ್ನು ಮುಂದಿನದು ವಿಚಿತ್ರ. ಅಲ್ಲಿಯವರೆಗೆ ಆಗ್ನೇಯಕ್ಕೆ, ನೇರ ನಮ್ಮೂರಿಗೇ ಹೊರಟಂತೆ ಬಂದ ನದಿ ಸಂಗಾರೆಡ್ಡಿ ಜಿಲ್ಲೆಯಲ್ಲಿ ಉತ್ತರಕ್ಕೆ ತಿರುಗಿಬಿಡುತ್ತದೆ. ನಮಗೂ ಅದಕ್ಕೂ ನಡುವೆ ಎತ್ತರದ ನೆಲವಿದೆ. ಕೃಷ್ಣೆ ಮತ್ತು ಗೋದಾವರಿಯ ಮಳೆನೀರನ್ನು ಬೇರೆ ಮಾಡುವ ಏರು ಅದು. ಈಚೆ ಬಿದ್ದ ಹನಿ ಮೂಸಿ ಹಿಡಿದು ಕೃಷ್ಣೆಗೆ, ಆಚೆ ಬಿದ್ದದ್ದು ಮಾಂಜ್ರಾ ಹಿಡಿದು ಗೋದಾವರಿಗೆ. ಈ ಏರನ್ನು ನದಿ ದಾಟಲಿಲ್ಲ, ಪಂಪು ದಾಟಿಸಿತು. ಸಂಗಾರೆಡ್ಡಿ ಹತ್ತಿರದ ಮಂಜೀರಾ ಬ್ಯಾರೇಜಿನಿಂದಲೂ, 1991ರ ನಂತರ ಸಿಂಗೂರು ಅಣೆಕಟ್ಟಿನಿಂದಲೂ ನೀರನ್ನು ಮೇಲೆತ್ತಿ ನಗರಕ್ಕೆ ತಂದರು. ಯೋಚಿಸಿ ನೋಡಿ: ಗೋದಾವರಿಗೆ ಹೋಗಬೇಕಿದ್ದ ನೀರಿನಲ್ಲಿ ನೀವು ಅಕ್ಕಿ ತೊಳೆದಿರಿ, ಆ ಕಲಗಚ್ಚು ಮೂಸಿಗೆ ಬಿದ್ದು ವಾಡಪಲ್ಲಿಯಲ್ಲಿ ಕೃಷ್ಣೆ ಸೇರಿತು!

ನದಿಯ ಪಾಡು ಮೇಲಿನವರ ಮಳೆಯ ಮೇಲೆ. 2016ರ ಬೇಸಿಗೆ ನೆನಪಿದೆಯೇ? ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಸಾಗಿಸಿದರು. ಅದೇ ಬರದಲ್ಲಿ ಸಿಂಗೂರು ಬತ್ತಿ ನಮಗೂ ಆ ಕಡೆಯ ನೀರು ನಿಂತಿತು. ಅಷ್ಟು ಹೊತ್ತಿಗೆ ಕೃಷ್ಣಾ, ಗೋದಾವರಿ ಕೊಳವೆಗಳು ಬಂದಿದ್ದವು, ಹೇಗೋ ಬದುಕಿಕೊಂಡೆವು. ಬೀದರಿನ ರೈತನಿಗೆ ಅಂಥ ಎರಡನೇ ಕೊಳವೆ ಎಲ್ಲಿದೆ ಹೇಳಿ?

ಉತ್ತರಕ್ಕೆ ತಿರುಗಿದ ನದಿಗೆ ನಿಜಾಮಸಾಗರ ಅಡ್ಡ ಸಿಗುತ್ತದೆ. ನಿಜಾಮರ ಕಾಲದಲ್ಲಿ, 1923ರಿಂದ 1931ರವರೆಗೆ ಕಟ್ಟಿದ ಅಣೆಕಟ್ಟು. ಸುಮಾರು 724 ಕಿಲೋಮೀಟರ್ ಹರಿದು ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡು ಎಂದು ಕವಿರಾಜಮಾರ್ಗ ಹೇಳುತ್ತದಲ್ಲ, ಆ ಗಡಿಯನ್ನು ಹೋಗಿ ಮುಟ್ಟುವ ನದಿ ಇದು.

ನೋಡಬೇಕೆನಿಸಿದರೆ ಮೆದಕ್ ಹತ್ತಿರದ ಏಡುಪಾಯಲಕ್ಕೆ ಹೋಗಿ. ಏಡು ಪಾಯಲು ಎಂದರೆ ಏಳು ಕವಲು. ಬಂಡೆಗಳ ನಡುವೆ ನದಿ ಏಳಾಗಿ ಸೀಳಿ, ಮುಂದೆ ಮತ್ತೆ ಒಂದಾಗುತ್ತದೆ. ಕವಲುಗಳ ನಡುವಿನ ನಡುಗಡ್ಡೆಯಲ್ಲಿ ವನದುರ್ಗೆಯ ಗುಡಿ. ಶಿವರಾತ್ರಿಗೆ ದೊಡ್ಡ ಜಾತ್ರೆ. ಮಳೆಗಾಲದಲ್ಲಿ ಮಾತ್ರ ಸಿಂಗೂರಿನ ಗೇಟು ತೆಗೆದರೆ ಗುಡಿಯೊಳಗೇ ನೀರು ನುಗ್ಗುತ್ತದೆ, ದರ್ಶನ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ದಾರಿಯಲ್ಲಿ ಸಂಗಾರೆಡ್ಡಿಯ ಮಂಜೀರಾ ಅಭಯಾರಣ್ಯಕ್ಕೆ ಇಳಿದರೆ ದಡದಲ್ಲೇ ನಿಂತು ನೋಡಿ, ಆ ನೀರಿನಲ್ಲಿ ಮೊಸಳೆಗಳಿವೆ.