ಹಂಸದ ಕಡೆಯಿಂದ ಬೀಸುವ ಗಾಳಿ

ಗಾಳಿಯಿಲ್ಲದೆ ನೆಟ್ಟಗೆ ಸುರಿಯುವ ಆಷಾಢದ ಮಳೆಯೂ ಕೊಪ್ಪದಿಂದ ಶೃಂಗೇರಿಗೆ ಓಡುವ ಬಸ್ಸಿನ ಮುಂಗಾಜಿಗೆ ಎದುರಿನಿಂದ ಓರೆಯಾಗಿ ಬಡಿಯುತ್ತದಷ್ಟೆ. ಭೂಮಿಯ ಸ್ಥಿತಿಯೂ ಇಂಥದೇ. ಸೂರ್ಯನೊಡನೆ ನಾವು ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಿಂದ ಹಂಸ ನಕ್ಷತ್ರಪುಂಜದತ್ತ ಧಾವಿಸುತ್ತಿದ್ದೇವೆ. ಆಕಾಶಗಂಗೆಯನ್ನು ಆವರಿಸಿದ ಕಪ್ಪು ದ್ರವ್ಯವು ಕಣರೂಪದ್ದಾದರೆ, ಅದು ನಮಗೆ ಹಂಸದ ಕಡೆಯಿಂದ ಬೀಸುವ ಗಾಳಿಯಂತೆ ತೋರಬೇಕು.

ಇದರ ದಿಕ್ಕನ್ನು ಅರಿಯುವುದೆಂತು? ಕಡಿಮೆ ಒತ್ತಡದ ಅನಿಲದಲ್ಲಿ ಇಂಥ ಕಣವು ಪರಮಾಣು ಬೀಜವೊಂದಕ್ಕೆ ತಾಗಿದರೆ, ಆ ಬೀಜವು ಮುಂದಕ್ಕೆ ಚಿಮ್ಮಿ ಕೆಲವೇ ಮಿಲಿಮೀಟರ್ ಉದ್ದದ ಜಾಡನ್ನು ಬಿಡುವುದು. ಇಂಗ್ಲೆಂಡಿನ ಬೋಲ್ಬಿ ಗಣಿಯಲ್ಲಿ ನಡೆದ ಡ್ರಿಫ್ಟ್ ಪ್ರಯೋಗದ ತತ್ತ್ವವಿದು.

ಜಾಡಿನಿಂದ ಆಗುವ ಪ್ರಯೋಜನವೇನು? ಬಂಡೆಗಳ ವಿಕಿರಣವೂ ಇಂಥ ಜಾಡುಗಳನ್ನು ಉಂಟುಮಾಡಬಲ್ಲದು. ಆದರೆ ಅದು ಹಂಸವನ್ನು ಅನುಸರಿಸದು. ನರಸಿಂಹರಾಜಪುರದಲ್ಲಿ ಈ ಗಾಳಿಯು ಒಮ್ಮೆ ಉತ್ತರಾಕಾಶದಲ್ಲಿ ಸುಮಾರು 60 ಡಿಗ್ರಿ ಎತ್ತರದಿಂದ ಇಳಿದರೆ, ಹನ್ನೆರಡು ಗಂಟೆಗಳ ತರುವಾಯ ನೆಲವನ್ನು ತೂರಿ ಕೆಳಗಿನಿಂದ ಬರುವುದು. ಈ ಆವರ್ತದ ಅವಧಿ 23 ಗಂಟೆ 56 ನಿಮಿಷ. ಸೂರ್ಯನ ನ್ಯೂಟ್ರಿನೊಗಳಾದರೋ 24 ಗಂಟೆಗಳ ಆವರ್ತವನ್ನು ಅನುಸರಿಸುತ್ತವೆ.

ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಮೀರಿದ ಆಳದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳು ಪತ್ತೆಯಾದುವು. ಕಪ್ಪು ದ್ರವ್ಯದ ಕಣವಾದರೋ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಸಿಕ್ಕಿತೆಂದು ಯಾರಾದರೂ ಸಾರಿದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ: ಅದು ಯಾವ ದಿಕ್ಕಿನಿಂದ ಬಂದಿತು?