ಗಾಳಿ ಎರಡರಷ್ಟಾದರೆ ಹಾಯಿದೋಣಿಗೆ ಏನಾಗುತ್ತದೆ? – ತಿರುಗುಬಲದ ಒಂದು ಪೂರಕ ಪಾಠ

9ನೇ ತರಗತಿಯಲ್ಲಿ ‘ಬಲ’ದ ಘಟಕ ಮುಗಿದ ಮೇಲೆ ತಿರುಗುಬಲವನ್ನು ಪರಿಚಯಿಸುವಾಗ ನಾವೆಲ್ಲ ಸಾಮಾನ್ಯವಾಗಿ ಬಾಗಿಲು, ಸ್ಪ್ಯಾನರ್, ಸೀಸಾ ಇವುಗಳ ಉದಾಹರಣೆ ಕೊಡುತ್ತೇವೆ. ಬನಶಂಕರಿ ಭಾಗದ ಪ್ರೌಢಶಾಲೆಯೊಂದರ ಅಭ್ಯಾಸ ಬೋಧನೆಯಲ್ಲಿ ನಾನು ಇವುಗಳ ಜೊತೆಗೆ ಜೋರು ಗಾಳಿಯಲ್ಲಿ ನಡೆಯುವ ಹಾಯಿದೋಣಿ ಪಂದ್ಯವನ್ನು ಸೇರಿಸಿಕೊಂಡೆ. ಕಾರಣ ಇಷ್ಟೇ: ಗಾಳಿ ಏರಿದಂತೆ ಬಲ ಬದಲಾಗುತ್ತದೆ, ಅದನ್ನು ಸರಿದೂಗಿಸಲು ದೋಣಿಯಲ್ಲಿರುವವರು ತಾವು ಕೂತ ದೂರವನ್ನು ಬದಲಿಸುತ್ತಾರೆ. ‘ಬಲ × ದೂರ’ ಎಂಬ ಸೂತ್ರದ ಎರಡೂ ಭಾಗಗಳು ಕಣ್ಣಿಗೆ ಕಾಣುತ್ತವೆ.

ಹಿನ್ನೆಲೆ

ನಮ್ಮ ಮಕ್ಕಳು ಲಾಲ್‌ಬಾಗ್ ಕೆರೆ, ಮಡಿವಾಳ ಕೆರೆಗಳನ್ನು ಬಲ್ಲರು. ಹಾಯಿ ಬಿಚ್ಚಿದ ದೋಣಿಯನ್ನು ಹೆಚ್ಚಿನವರು ನೋಡಿಲ್ಲ. ಆದರೆ ಬೆಂಗಳೂರಿಗೆ ಇದು ಪೂರ್ತಿ ಹೊಸದಲ್ಲ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಹಾಯಿದೋಣಿ ಅಭ್ಯಾಸ ಮಾಡುತ್ತಾರೆ. ಕೊಡಗಿನ ಮೂಲದ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು. ಅವರು ನಡೆಸಿದ್ದು ಸುಮಾರು 5 ಮೀಟರ್ ಉದ್ದದ, ಇಬ್ಬರ ದೋಣಿ. ಅದರಲ್ಲಿ ಇಬ್ಬರೂ ಸೊಂಟಕ್ಕೆ ತಂತಿ ಸಿಕ್ಕಿಸಿಕೊಂಡು ದೋಣಿಯ ಅಂಚಿನಲ್ಲಿ ನಿಂತು ಹೊರಕ್ಕೆ ವಾಲುತ್ತಾರೆ.

ಕಾಲೇಜು ತಂಡಗಳ ಹಾಯಿದೋಣಿ ಪಂದ್ಯ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿ ಆತಿಥ್ಯ ವಹಿಸಿದ ಕಾಲೇಜೇ ಒಂದೇ ಬಗೆಯ ದೋಣಿಗಳನ್ನು ಒದಗಿಸುತ್ತದೆ. ತಂಡಗಳು ಅವನ್ನು ಸರದಿಯಂತೆ ಬದಲಿಸಿಕೊಳ್ಳುತ್ತವೆ. ಹೆಚ್ಚು ಬಳಕೆಯಲ್ಲಿರುವ ಒಂದು ದೋಣಿಯ ಹೆಸರು ‘420’. ಹೆಸರು ಹೇಳಿದ ಕೂಡಲೇ ತರಗತಿ ನಗುತ್ತದೆ, ನಗಲಿ. ಅದರ ಉದ್ದ 420 ಸೆಂಟಿಮೀಟರ್, ಅದಕ್ಕೇ ಆ ಹೆಸರು. ಕಾಲೇಜು ಪಂದ್ಯದಲ್ಲಿ ತಂತಿಯ ನೆರವಿಲ್ಲ. ಪಾದಗಳನ್ನು ಪಟ್ಟಿಯೊಂದಕ್ಕೆ ಸಿಕ್ಕಿಸಿ ದೇಹವನ್ನು ಹೊರಕ್ಕೆ ಚಾಚಬೇಕು. ಗಾಳಿ ಜೋರಾದ ದಿನ ತಂಡಗಳು ಹಗುರ ದೇಹದ ಸಹಾಯಕರ ಜಾಗಕ್ಕೆ ಭಾರದ ದೇಹದವರನ್ನು ಇಳಿಸುವುದುಂಟು. ಏಕೆ? ಪಾಠದ ಮುಖ್ಯ ಪ್ರಶ್ನೆ ಇದೇ.

ಲೆಕ್ಕ

ಗಾಳಿಗೆ ಎದುರಾಗಿ ನಿಂತ ಮೇಲ್ಮೈಯ ಮೇಲಿನ ಒತ್ತಡವನ್ನು ½ × ಗಾಳಿಯ ಸಾಂದ್ರತೆ × ವೇಗದ ವರ್ಗ ಎಂದು ಅಂದಾಜಿಸಬಹುದು. ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ. ಹಾಯಿಯ ವಿಸ್ತೀರ್ಣ 10 ಚದರ ಮೀಟರ್ ಇರಲಿ.

ವೇಗ ಸೆಕೆಂಡಿಗೆ 5 ಮೀ. ಆದರೆ: ಒತ್ತಡ 15 ಪಾಸ್ಕಲ್, ಬಲ 150 ನ್ಯೂಟನ್.
ವೇಗ ಸೆಕೆಂಡಿಗೆ 10 ಮೀ. ಆದರೆ: ಒತ್ತಡ 60 ಪಾಸ್ಕಲ್, ಬಲ 600 ನ್ಯೂಟನ್.

ಗಾಳಿಯ ವೇಗ ಎರಡರಷ್ಟು, ಬಲ ನಾಲ್ಕರಷ್ಟು. ಈ ಬಲ ನೀರಿನೊಳಗಿನ ತಡೆಯಿಂದ 3 ಮೀಟರ್ ಎತ್ತರದಲ್ಲಿ ವರ್ತಿಸುತ್ತದೆ ಎಂದುಕೊಂಡರೆ, ದೋಣಿಯನ್ನು ಉರುಳಿಸುವ ತಿರುಗುಬಲ 450ರಿಂದ 1800 ನ್ಯೂಟನ್-ಮೀಟರಿಗೆ ಏರುತ್ತದೆ.

ಎದುರು ಬದಿಯಲ್ಲಿ ಇಬ್ಬರು ಸ್ಪರ್ಧಿಗಳು, ಒಟ್ಟು 130 ಕಿ.ಗ್ರಾಂ., ಅಂದರೆ ಸುಮಾರು 1300 ನ್ಯೂಟನ್. ಮೊದಲ ಗಾಳಿಗೆ ಅವರು ನಡುರೇಖೆಯಿಂದ 35 ಸೆಂ.ಮೀ. ಸರಿದು ಕೂತರೆ ಸಾಕು (455 ನ್ಯೂಟನ್-ಮೀಟರ್). ಎರಡನೆಯ ಗಾಳಿಗೆ ದೇಹದ ಭಾರಕೇಂದ್ರವನ್ನು 1.2 ಮೀಟರ್ ದೂರಕ್ಕೆ ಚಾಚಿದರೂ ಸಿಗುವುದು 1560, ದೋಣಿ ವಾಲುತ್ತದೆ. ಒಟ್ಟು ತೂಕ 150 ಕಿ.ಗ್ರಾಂ. ಆದರೆ 1800, ಸರಿಯಾಗಿ ಸಮ! ಇಲ್ಲವೇ ಹಗ್ಗ ಸಡಿಲಿಸಿ ಹಾಯಿ ಹಿಡಿಯುವ ಗಾಳಿಯನ್ನು ಕಡಿಮೆ ಮಾಡಬೇಕು. ನಿಜದ ದೋಣಿಯಲ್ಲಿ ಹಾಯಿಯ ಕೋನ, ದೋಣಿಯ ಸ್ವಂತ ಸ್ಥಿರತೆ ಇವೂ ಸೇರುತ್ತವೆ; ಅವನ್ನು ಇಲ್ಲಿ ಬಿಟ್ಟಿದ್ದೇವೆ ಎಂದು ಮಕ್ಕಳಿಗೆ ಹೇಳಿಯೇ ಮುಂದುವರಿಯಬೇಕು.

ಚಟುವಟಿಕೆ

ಉರುಟು ಪೆನ್ಸಿಲಿನ ಮೇಲೆ 30 ಸೆಂ.ಮೀ. ಮರದ ಅಳತೆಪಟ್ಟಿಯನ್ನು ಅಡ್ಡಲಾಗಿ ಇಡಿ. ನಡುವೆ ಜೇಡಿಮಣ್ಣಿನಲ್ಲಿ ಐಸ್‌ಕ್ರೀಂ ಕಡ್ಡಿ ನೆಟ್ಟು ರಟ್ಟಿನ ಹಾಯಿ ಅಂಟಿಸಿ. ಒಂದು ಬದಿಯಿಂದ ಟೇಬಲ್ ಫ್ಯಾನ್ ಹಾಕಿ, ಫ್ಯಾನಿನ ಕಡೆಯ ತೋಳಿನ ಮೇಲೆ ನಾಣ್ಯವಿಟ್ಟು ಸಮತೋಲನ ತರಲು ಹೇಳಿ. ಫ್ಯಾನಿನ ಪ್ರತಿ ವೇಗಕ್ಕೂ ನಾಣ್ಯದ ದೂರವನ್ನು ಬರೆದುಕೊಳ್ಳಲಿ. ನಾಣ್ಯ ತುದಿ ತಲುಪಿದರೂ ಸಾಲದಾದಾಗ ‘ಇನ್ನೊಂದು ನಾಣ್ಯ ಕೊಡಿ’ ಎಂದು ಒಂದು ಗುಂಪು ಕೇಳಿತು, ‘ಹಾಯಿ ಕತ್ತರಿಸಬಹುದಾ?’ ಎಂದು ಇನ್ನೊಂದು. ಸ್ಪರ್ಧಿಗಳಿಗಿರುವ ಎರಡು ದಾರಿಗಳನ್ನು ಮಕ್ಕಳೇ ಕಂಡುಕೊಂಡಂತಾಯಿತು.

ಗಾಳಿಯ ವೇಗವನ್ನು ಅಂದಾಜಿಸಲು 1805ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ರೂಪಿಸಿದ ಮಾಪಕ ನೆರವಾಗುತ್ತದೆ. ಎಲೆ, ಸಣ್ಣ ರೆಂಬೆಗಳು ಬಿಡದೆ ಅಲುಗುತ್ತಿದ್ದರೆ ಅದು 3ನೇ ಹಂತ, ನಮ್ಮ ಲೆಕ್ಕದ 5 ಮೀಟರ್ ಅದರಲ್ಲಿ ಬರುತ್ತದೆ. ಎಲೆ ತುಂಬಿದ ಸಣ್ಣ ಮರಗಳೇ ತೂಗಾಡತೊಡಗಿದರೆ 5ನೇ ಹಂತ, ಅಲ್ಲಿ 10 ಮೀಟರ್. ಆಷಾಢದ ಗಾಳಿಯಲ್ಲಿ ಜಯನಗರದ ಯಾವ ಬೀದಿಯಲ್ಲಾದರೂ ಇದನ್ನು ಗಮನಿಸಬಹುದು.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಒಂದು, ‘ಗಾಳಿ ಹೆಚ್ಚಾದಷ್ಟೂ ದೋಣಿ ವೇಗ’ ಎಂಬ ಉತ್ತರ ಬಂದೇ ಬರುತ್ತದೆ. ಅತಿಯಾಗಿ ವಾಲಿದ ದೋಣಿ ನಿಧಾನವಾಗುತ್ತದೆ. ಜೋರು ಗಾಳಿಯಲ್ಲಿ ಮುಂದಿರುವುದು ದೋಣಿಯನ್ನು ನೆಟ್ಟಗೆ ಇರಿಸಿಕೊಂಡ ತಂಡ.

ಎರಡು, ಮಕ್ಕಳ ನಿಜವಾದ ತೂಕವನ್ನು ಎಂದೂ ಬಳಸಬೇಡಿ. ದಪ್ಪಗಿರುವ ಮಗುವನ್ನು ಹಂಗಿಸುವ ಅಭ್ಯಾಸ ತರಗತಿಗಳಲ್ಲಿ ಇದ್ದೇ ಇದೆ. ನಾನು ಚೀಟಿಗಳಲ್ಲಿ 50, 65, 80 ಎಂದು ಕಾಲ್ಪನಿಕ ತೂಕಗಳನ್ನು ಬರೆದು, ದಿನದ ಗಾಳಿಗೆ ತಕ್ಕ ಜೋಡಿಯನ್ನು ಆರಿಸಲು ಹೇಳಿದೆ. ಜೋರು ಗಾಳಿಗೆ ‘80’ರ ಚೀಟಿಗೆ ಎಲ್ಲ ಗುಂಪುಗಳಿಂದಲೂ ಬೇಡಿಕೆ ಬಂತು. ಮಂದ ಗಾಳಿಗೆ ಅದೇ ಚೀಟಿ ಬೇಡವಾಯಿತು. ಭಾರ ಹೆಚ್ಚಿದರೆ ದೋಣಿ ನೀರಿನಲ್ಲಿ ಇನ್ನಷ್ಟು ಮುಳುಗಿ ತಡೆ ಹೆಚ್ಚುತ್ತದೆ. ತಂಡಕ್ಕೆ ಎರಡೂ ಬಗೆಯ ದೇಹಗಳು ಬೇಕು ಎಂಬ ಮಾತನ್ನು ನಾನು ಹೇಳಬೇಕಾಗಿ ಬರಲಿಲ್ಲ, ಲೆಕ್ಕವೇ ಹೇಳಿತು.

ಮೂರು, ಮೌಲ್ಯಮಾಪನಕ್ಕೆ ಸೂತ್ರ ಕೇಳುವ ಬದಲು ಇದನ್ನು ಕೇಳಿ: ಗಾಳಿಯ ವೇಗ 5ರಿಂದ 15 ಮೀಟರಿಗೆ ಏರಿದರೆ ಹಾಯಿಯ ಮೇಲಿನ ಬಲ ಎಷ್ಟರಷ್ಟಾಗುತ್ತದೆ? ನೀವು ತಂಡದ ನಾಯಕರಾದರೆ ಆಗ ಏನು ಮಾಡುತ್ತೀರಿ? ಒಂಬತ್ತರಷ್ಟು ಎಂದು ಬರೆದವರಲ್ಲಿ ‘ಪಂದ್ಯ ಬಿಟ್ಟು ದಡ ಸೇರುತ್ತೇವೆ’ ಎಂದು ಕಾರಣ ಸಹಿತ ಉತ್ತರಿಸಿದ ಮಗುವಿಗೂ ಪೂರ್ಣ ಅಂಕ ಸಲ್ಲಬೇಕು.