ನಡೆದು ಹೋಗುವವರ ಪರವಾಗಿ ಒಂದು ಪ್ಯಾರಾ

1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಗುಜರಾತ್ ರಸ್ತೆ ಸಾರಿಗೆ ನಿಗಮದ ಒಂದು ಮೇಲ್ಮನವಿ ಇತ್ತು. ಬಸ್ ಅಪಘಾತದಲ್ಲಿ ತೀರಿಕೊಂಡವನ ಒಡಹುಟ್ಟಿದವರು ಪರಿಹಾರ ಕೇಳಬಹುದೇ ಎಂಬುದಷ್ಟೇ ಪ್ರಶ್ನೆ. 1855ರ ಮಾರಕ ಅಪಘಾತಗಳ ಕಾಯ್ದೆಯ ಪಟ್ಟಿಯಲ್ಲಿ ಗಂಡ, ಹೆಂಡತಿ, ತಂದೆ-ತಾಯಿ, ಮಕ್ಕಳಿದ್ದಾರೆ, ಅಣ್ಣತಮ್ಮಂದಿರಿಲ್ಲ ಎಂಬುದು ಆಕ್ಷೇಪ. ತೀರ್ಪು ಬರೆದವರು ನಮ್ಮ ಮಂಡ್ಯ ಸೀಮೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು, ಅವರ ಮಕ್ಕಳು ಒಂದೇ ದುಡಿಮೆಯ ಮೇಲೆ ಬದುಕುತ್ತಾರೆ ಎಂಬುದನ್ನು ನೆನಪಿಸಿ, ಕೇಳಬಹುದು ಎಂದರು.

ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅದೇ ತೀರ್ಪಿನಲ್ಲಿ ಪಾದಚಾರಿಗಳ ಬಗ್ಗೆ ಒಂದು ಪ್ಯಾರಾ ಇದೆ. ಮೋಟಾರು ವಾಹನಗಳಿಂದಾಗಿ ಈ ದೇಶದ ರಸ್ತೆಗಳು ನಡೆಯುವವರ ಪಾಲಿಗೆ ಅತ್ಯಂತ ಅಪಾಯಕಾರಿಯಾಗಿವೆ. ತನ್ನ ತಪ್ಪಿಲ್ಲದೆ ಪಾದಚಾರಿ ಗಾಯಗೊಂಡರೆ ಅಥವಾ ಸತ್ತರೆ, ಚಾಲಕನ ನಿರ್ಲಕ್ಷ್ಯವಿರಲಿ ಬಿಡಲಿ, ಪರಿಹಾರ ಸಿಗಲೇಬೇಕು. ಸಾಮಾಜಿಕ ನ್ಯಾಯಕ್ಕೆ ಅರ್ಥವಿದೆ ಅನ್ನುವುದಾದರೆ ಹೀಗಾಗಬೇಕು ಎಂಬುದು ಅದರ ಸಾರ. ಈ ವಿಷಯದಲ್ಲಿ ನಾನು ಓದಿದ ತೀರ್ಪುಗಳಲ್ಲಿ ಇಷ್ಟು ನೇರವಾದ ಮಾತು ಇನ್ನೊಂದಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಅದಕ್ಕೆ ಮೊದಲಿನ ಸ್ಥಿತಿ ನೋಡಬೇಕು. 1939ರ ಮೋಟಾರು ವಾಹನ ಕಾಯ್ದೆ ಮೂರನೆಯವರಿಗಾಗಿ ವಿಮೆಯನ್ನು ಕಡ್ಡಾಯ ಮಾಡಿತು. 1956ರ ತಿದ್ದುಪಡಿಯಿಂದ ಪರಿಹಾರ ನ್ಯಾಯಮಂಡಳಿಗಳು ಬಂದವು. ಆದರೂ ತಪ್ಪು ಚಾಲಕನದೇ ಎಂದು ಸಾಬೀತು ಮಾಡುವ ಹೊರೆ ಗಾಯಾಳುವಿನ ಹೆಗಲ ಮೇಲೆಯೇ ಉಳಿಯಿತು. 1977ರಲ್ಲಿ ಮೀನು ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಗೊಳಿಸಿತು. 1982ರಲ್ಲಿ ಸಂಸತ್ತು ಸ್ವಲ್ಪ ಸಡಿಲಿಸಿತು: ತಪ್ಪು ಯಾರದೇ ಇರಲಿ, ಸತ್ತರೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500.

ಹೊರೆ ಅಂದರೆ ಏನೆಂದು ಎಂವಿಸಿ ಕೇಸಿನ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸಿನ, ಕಡತ ಬಿಚ್ಚಿದರೆ ಕಾಣುತ್ತದೆ. ಎಫ್ಐಆರ್, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್, ಸ್ಥಳ ಮಹಜರು. ಮಹಜರಿನ ಜೊತೆಗೆ ಪೊಲೀಸರು ಕೈಯಲ್ಲಿ ಎಳೆದ ನಕ್ಷೆ: ಎರಡು ಗೆರೆ ರಸ್ತೆ, ಬಿದ್ದ ಜಾಗಕ್ಕೊಂದು ಗುರುತು. ಆ ಗುರುತು ರಸ್ತೆಯ ಅಂಚಿನಿಂದ ಎಷ್ಟು ಅಡಿ ಒಳಗಿದೆ ಎಂಬುದನ್ನು ಹಿಡಿದು ವಿಮಾ ಕಂಪನಿಯ ವಕೀಲರು ಪಾಟೀಸವಾಲು ಶುರು ಮಾಡುತ್ತಾರೆ. ಗಾಯಾಳು ಏಕಾಏಕಿ ಅಡ್ಡ ಬಂದ, ಜೀಬ್ರಾ ಪಟ್ಟೆ ಬಿಟ್ಟು ದಾಟಿದ ಎನ್ನುತ್ತಾರೆ. ನ್ಯಾಯಮಂಡಳಿ ಅದನ್ನು ಒಪ್ಪಿದರೆ ಆ ತಪ್ಪಿನ ಪಾಲಿನಷ್ಟು ಮೊತ್ತ ಕಡಿತ. ಅಲ್ಲಿ ಫುಟ್‌ಪಾತೇ ಇರಲಿಲ್ಲ ಎಂಬುದನ್ನು ಆ ನಕ್ಷೆಯಲ್ಲಿ ಯಾರು ಬರೆಯುತ್ತಾರೆ?

ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿ ಅದೇ ವರ್ಷ ನಿವೃತ್ತರಾದರು. ಪ್ಯಾರಾ ಮಾತ್ರ ಉಳಿಯಿತು. ಮುಂದೆ ಬಂದ ಇನ್ನೊಂದು ಪ್ರಕರಣದಲ್ಲಿ ಜೀಪೊಂದರ ಮುಂದಿನ ಟೈರ್ ಸಿಡಿದು, ಅದು ಮಗುಚಿ, ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತಿದ್ದರು. ಟೈರ್ ಸಿಡಿದರೆ ಚಾಲಕನ ತಪ್ಪೇನು ಎಂದು ಕೆಳಗಿನ ಹಂತಗಳಲ್ಲಿ ಮನೆಯವರಿಗೆ ಸೋಲಾಗಿತ್ತು. 2001ರಲ್ಲಿ, ಕೌಶ್ನುಮಾ ಬೇಗಂ ಪ್ರಕರಣವೆಂದು ಹೆಸರಾದ ಇದರಲ್ಲಿ, ಸುಪ್ರೀಂ ಕೋರ್ಟ್ ಅದೇ ಪ್ಯಾರಾವನ್ನು ಎತ್ತಿಕೊಂಡು, ನಿರ್ಲಕ್ಷ್ಯ ಸಾಬೀತಾಗದಿದ್ದರೂ ಪರಿಹಾರ ಕೊಡಬೇಕೆಂದಿತು.

ಆಮೇಲಿನದನ್ನು ನೆನೆದರೆ ಸಂಕಟವಾಗುತ್ತದೆ. ಅರ್ಜಿ ಹಾಕಲು ಇದ್ದ ಕಾಲಮಿತಿಯನ್ನು 1994ರಲ್ಲಿ ತೆಗೆದುಹಾಕಿದ್ದರು. 2019ರ ತಿದ್ದುಪಡಿ ಅದನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು. ಕಾಲು ಮುರಿದವರು ಆರು ತಿಂಗಳಲ್ಲಿ ಇನ್ನೂ ಊರುಗೋಲಿನ ಮೇಲಿರುತ್ತಾರೆ, ಸಾಲಗಾರರು ಬಾಗಿಲಲ್ಲಿರುತ್ತಾರೆ. ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಡಬೇಕಾಯಿತು. ತಪ್ಪಿನ ಪ್ರಶ್ನೆಯಿಲ್ಲದೆ ಸಿಗುವ ಮೊತ್ತ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷಕ್ಕೆ ಏರಿದ್ದು ನಿಜ. ಆದರೆ ಮೊದಲು ಅಂಥ ಮೊತ್ತವನ್ನು ಮಧ್ಯಂತರವಾಗಿ ಪಡೆದು ದೊಡ್ಡ ಪರಿಹಾರದ ಕೇಸನ್ನೂ ನಡೆಸಬಹುದಿತ್ತು. ಈಗ ಇದನ್ನು ತೆಗೆದುಕೊಂಡರೆ ಆ ಬಾಗಿಲು ಮುಚ್ಚುತ್ತದೆ.

ಗುದ್ದಿದ ವಾಹನ ಪತ್ತೆಯಾಗದಿದ್ದರೂ ಪರಿಹಾರವಿದೆ ಎಂಬುದಂತೂ ಎಷ್ಟೋ ಜನರಿಗೆ ತಿಳಿದೇ ಇಲ್ಲ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಮಂಜೂರು ಮಾಡುವವರು ಜಿಲ್ಲಾಧಿಕಾರಿ. 2022ರಲ್ಲಿ ದೇಶದಲ್ಲಿ ದಾಖಲಾದ ಹಿಟ್ ಅಂಡ್ ರನ್ ಅಪಘಾತಗಳು 67,387. 2022-23ರಲ್ಲಿ ಬಂದ ಅರ್ಜಿಗಳು 205, ಇತ್ಯರ್ಥವಾದವು 95. ಈ ಅಂಕಿ ನೋಡಿಯೇ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಪೊಲೀಸರಿಗೆ ಕೆಲಸ ಹಚ್ಚಿತು: ಪ್ರಕರಣ ದಾಖಲಾದ ಒಂದು ತಿಂಗಳೊಳಗೆ ವಾಹನ ಸಿಗದಿದ್ದರೆ, ಪರಿಹಾರ ಕೇಳುವ ದಾರಿಯನ್ನು ಗಾಯಾಳುವಿಗೆ ಅಥವಾ ಮನೆಯವರಿಗೆ ಠಾಣಾಧಿಕಾರಿ ಲಿಖಿತವಾಗಿ ತಿಳಿಸಬೇಕು. ನಿಮ್ಮ ಪೈಕಿ ಯಾರಿಗಾದರೂ ಹೀಗಾಗಿದ್ದರೆ ಠಾಣೆಗೆ ಹೋಗಿ ಆ ಪತ್ರವನ್ನು ಕೇಳಿ.